ಕೊನೆಯ ಎರಡು ಕಿಲೋಮೀಟರಿನ ಟೈರು

ಶಿವಮೊಗ್ಗದ ನನ್ನ ಬಾಡಿಗೆ ಮನೆಯಿಂದ ಹೊಸನಗರದ ಆಚೆಗಿರುವ ಅಮ್ಮನ ಮನೆಗೆ ಹತ್ತಿರ ಹತ್ತಿರ 80 ಕಿಲೋಮೀಟರ್. ಅದರಲ್ಲಿ 78 ಟಾರು, ಕೊನೆಯ ಎರಡು ಮಣ್ಣು. ಬೇಸಿಗೆಯಲ್ಲಿ ಆ ಎರಡು ಕಿಲೋಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಕೆಂಪು ದೂಳೆಬ್ಬಿಸಿಕೊಂಡು ಆರೇಳು ನಿಮಿಷಕ್ಕೆ ಅಂಗಳ ತಲುಪಬಹುದು. ಆರಿದ್ರಾ ಮಳೆ ಹಿಡಿದ ಮೇಲೆ ಲೆಕ್ಕ ತಿರುಗಿಬಿಡುತ್ತದೆ. 78 ಕಿಲೋಮೀಟರನ್ನು ಎರಡು ಗಂಟೆಯಲ್ಲಿ ಮುಗಿಸಬಹುದು, ಉಳಿದ ಎರಡು ಕಿಲೋಮೀಟರ್ ಮುಗಿಯುತ್ತದೋ ಇಲ್ಲವೋ ಎಂಬ ಚಿಂತೆ ಮಾತ್ರ ಹೊರಡುವ ಹಿಂದಿನ ರಾತ್ರಿಯೇ ಬಂದು ಕೂರುತ್ತದೆ. ಹೊಳೆಯ ಕಡೆಯಿಂದ ಬಂದರೆ ಮೊದಲು ಒಂದು ಮೋರಿ, ಆಮೇಲೆ ಗದ್ದೆಬದಿಯ ಜೌಗು, ಅದು ದಾಟಿದರೆ ನಾವೆಲ್ಲ ಹಲಸಿನಮರದ ಏರು ಎನ್ನುವ ಕಡಿದಾದ ತಿರುವು. ಆ ಏರನ್ನು ಹತ್ತಿಬಿಟ್ಟರೆ ಮನೆ ಕಂಡಂತೆಯೇ.

ಮೂರು ವರ್ಷದಿಂದ ನನ್ನ ತಲೆಯಲ್ಲಿ ಟೈರಿನ ವಿಷಯ ಕೂತಿದೆ. ಆಫ್‌ರೋಡ್ ಟೈರು ಎಂದು ಕೇಳಿದರೆ ಅಂಗಡಿಯಲ್ಲಿ ತೋರಿಸುವುದೆಲ್ಲ ಬೆಟ್ಟ ಹತ್ತುವ, ಹೊಳೆ ಹಾಯುವ ಗಾಡಿಯ ಚಿತ್ರಗಳು. ರಸ್ತೆ ಬಿಟ್ಟು ಹೋಗುವವರಿಗೆ ಎಂಬ ಅರ್ಥ ಆ ಹೆಸರಿನಲ್ಲೇ ಇದೆ. ನಾವು ರಸ್ತೆ ಬಿಟ್ಟು ಎಲ್ಲಿಗೂ ಹೋಗುತ್ತಿಲ್ಲ. ಅದೇ ದಾರಿಯಲ್ಲಿ ಬೆಳಿಗ್ಗೆ ಆರೂವರೆಗೆ ಡೇರಿಗೆ ಹಾಲು ಹೋಗುತ್ತದೆ, ಎಂಟಕ್ಕೆ ಮಕ್ಕಳು ಹೋಗುತ್ತಾರೆ, ಹೆರಿಗೆ ನೋವು ಬಂದವರನ್ನೂ ಹೆಣವನ್ನೂ ಅದೇ ದಾರಿಯಲ್ಲೇ ಸಾಗಿಸಬೇಕು. ನಮಗೆ ಅದು ರಸ್ತೆಯೇ. ಹಾಗಾಗಿ ಶೋಕಿಗೆ ಬೇಕಾದ ಟೈರು ಯಾವುದು ಎಂಬುದು ನನ್ನ ಪ್ರಶ್ನೆ ಆಗಿರಲೇ ಇಲ್ಲ. ಶಾಲೆ ಮೇಷ್ಟರ ಸಂಬಳದಲ್ಲಿ, ಗಾಡಿಯ ಬಗ್ಗೆ ಏನೂ ಗೊತ್ತಿಲ್ಲದ ಹೆಂಗಸೊಬ್ಬಳು, ಮಳೆಗಾಲದಲ್ಲಿ ಅಮ್ಮನ ಮನೆ ತಲುಪಲು ಎಂಥ ಟೈರು ಹಾಕಿಸಬೇಕು ಎಂಬುದಷ್ಟೇ ಪ್ರಶ್ನೆ.

ಹಲಸಿನಮರದ ಏರು

ನನ್ನದು ಎರಡನೇ ಕೈಯ ಬೊಲೆರೊ, 2013ರದು. ಕೊಂಡದ್ದು 2022ರಲ್ಲಿ. ಜೀಪಿನ ಹಾಗೆ ಎತ್ತರಕ್ಕಿದೆ, ಹಳ್ಳಿಗೆ ಹೇಳಿ ಮಾಡಿಸಿದ್ದು ಎಂದು ಎಲ್ಲರೂ ಹೇಳಿದ್ದರು, ನಾನೂ ನಂಬಿದ್ದೆ. ಎತ್ತರ ಇರುವುದು ನಿಜ. ಆದರೆ ನನ್ನ ಗಾಡಿಯಲ್ಲಿ ಎಂಜಿನ್ನಿನ ಬಲ ಹೋಗುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದರಲ್ಲೂ ಒಂದು ಚಕ್ರ ಕೆಸರಲ್ಲಿ ಹಿಡಿತ ಬಿಟ್ಟಿತೆಂದರೆ ಡಿಫರೆನ್ಶಿಯಲ್ ಎಂಬ ಯಂತ್ರ ಇದ್ದಬದ್ದ ತಿರುಗಾಟವನ್ನೆಲ್ಲ ಆ ಜಾರುವ ಚಕ್ರಕ್ಕೇ ಕೊಟ್ಟುಬಿಡುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಅಲ್ಲಾಡದೆ ನಿಂತಿರುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ.

2023ರ ಜುಲೈ, ಒಂದು ಶನಿವಾರ. ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಐದು ದಿನವಾಗಿತ್ತು. ತಲೆಗೆ ನೀರು ಬೀಳಬಾರದು, ಕುಲುಕಾಟ ಇರಬಾರದು, ಕಣ್ಣಿಗೆ ಕೈ ತಾಗಬಾರದು ಎಂದು ಹೇಳಿ ಕಳಿಸಿದ್ದರು. ಸಂಜೆ ಐದೂವರೆಗೆ ಮೋರಿ ದಾಟಿದೆವು. ಜೌಗನ್ನು ಹೇಗೋ ದಾಟಿದೆ. ಏರಿನ ಅರ್ಧಕ್ಕೆ ಬರುವಾಗ ಗಾಡಿ ಮುಂದೆ ಹೋಗುವುದು ನಿಂತಿತು, ಎಂಜಿನ್ನಿನ ಸದ್ದು ಮಾತ್ರ ಏರುತ್ತಲೇ ಇತ್ತು. ಗಾಬರಿಯಲ್ಲಿ ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಹಿಂಬದಿ ಮೆಲ್ಲಗೆ ದರೆಯ ಕಡೆಗೆ ಜಾರತೊಡಗಿತು. ಆ ಜಾರುವಿಕೆ ಈಗಲೂ ನನ್ನ ಬೆನ್ನಿಗೆ ನೆನಪಿದೆ. ಸೀಟಿನ ಕೆಳಗಿಂದ ಯಾರೋ ಚಾಪೆ ಎಳೆದಂತೆ, ಅವಸರವಿಲ್ಲದೆ ಜಾರಿತು. ಹ್ಯಾಂಡ್‌ಬ್ರೇಕ್ ಎಳೆದು ಇಳಿದು ನೋಡಿದೆ. ಟೈರಿನ ಗೆರೆಗಳೇ ಕಾಣಿಸುತ್ತಿರಲಿಲ್ಲ. ಜೇಡಿಮಣ್ಣು ಸಂದುಗಳನ್ನೆಲ್ಲ ತುಂಬಿ, ಟೈರು ಸುತ್ತಲೂ ನುಣ್ಣಗೆ, ಕುಂಬಾರ ನೀರು ಹಚ್ಚಿ ಸವರಿದ ಮಡಕೆಯ ಹಾಗೆ ಹೊಳೆಯುತ್ತಿತ್ತು.

ಅಮ್ಮ ಕರಿ ಕನ್ನಡಕ ಹಾಕಿಕೊಂಡು ಒಳಗೆ ಕೂತಿದ್ದಳು. "ಕೂಸೇ, ಎಂತ ಆತು?" ಎಂದು ಎರಡು ಸಲ ಕೇಳಿದಳು. ಕೊನೆಗೆ ಪಕ್ಕದ ಮನೆಯ ಇಬ್ಬರು ಹುಡುಗರು ಬಂದು, ಅವಳ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದಿಸಿ, ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಗಾಡಿ ಆ ರಾತ್ರಿ ಅಲ್ಲೇ ಉಳಿಯಿತು. ಬೆಳಿಗ್ಗೆ ಟ್ರ್ಯಾಕ್ಟರ್ ಬಂದು ಎಳೆಯಿತು. ಕಣ್ಣಿಗೆ ಏನೂ ಆಗಲಿಲ್ಲ. ಆದರೂ ಆ ಕುರ್ಚಿ ಏರು ಹತ್ತುತ್ತಿದ್ದುದನ್ನು ಹಿಂದಿನಿಂದ ನೋಡುತ್ತ, ಕೈಯಲ್ಲಿ ಕೀಲಿ ಹಿಡಿದು ನಡೆದ ಆ ಹತ್ತು ನಿಮಿಷ ನನ್ನನ್ನು ಬಿಟ್ಟಿಲ್ಲ.

ಹೊಸದರಂತೆ ಕಂಡ ಹಳೆಯದು

ಮರುವಾರವೇ ಟೈರು ಹುಡುಕಲು ಹೊರಟೆ. ಮೊದಲ ಅಂಗಡಿಯಲ್ಲಿ "ಸಾರ್ ಬಂದಿಲ್ವಾ ಮೇಡಂ?" ಎಂದು ಕೇಳಿದರು. ಇಲ್ಲ ಎಂದ ಮೇಲೆ ಬೆಲೆಯ ಹಾಳೆ ಮುಂದಿಟ್ಟು ಫೋನಿನಲ್ಲಿ ಮಾತಾಡಲು ಎದ್ದುಹೋದರು. ಹಾಳೆಯಲ್ಲಿ ಮೂರು ಜಾತಿಯ ಟೈರು ಇತ್ತು. ಎಚ್‌ಟಿ, ಅಂದರೆ ಟಾರು ರಸ್ತೆಯದು. ಎಟಿ, ಟಾರಿಗೂ ಮಣ್ಣಿಗೂ ಆಗುವಂಥದ್ದು. ಎಂಟಿ, ಕೆಸರಿಗೆಂದೇ ಮಾಡಿದ್ದು, ನಮ್ಮೂರಿನ ಕಡೆ ಬಟನ್ ಟೈರು ಎನ್ನುತ್ತಾರಲ್ಲ, ಅದರ ಹೊಸ ಕಾಲದ ರೂಪ. ಎಂಟಿಯ ಬೆಲೆ ನೋಡಿ ಹಾಳೆ ಮಡಚಿಟ್ಟೆ. ನಾಲ್ಕಕ್ಕೆ ನನ್ನ ಒಂದು ತಿಂಗಳ ಸಂಬಳದ ಮುಕ್ಕಾಲು ಪಾಲು ಹೋಗುತ್ತಿತ್ತು. ಆಗ ಟೈರಿನ ಮೇಲೆ ಜಿಎಸ್‌ಟಿಯೇ ನೂರಕ್ಕೆ 28 ಇತ್ತು. (2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಈಗ ಟೈರು ಹುಡುಕುತ್ತಿರುವವರು ಹಳೆಯ ಬೆಲೆಪಟ್ಟಿ ನೋಡಿ ಹೆದರಬೇಕಾಗಿಲ್ಲ.)

ಬೆಂಗಳೂರಿನಲ್ಲಿ ಉಪಯೋಗಿಸಿದ ಟೈರು ಮಾರುವವರಿದ್ದಾರೆ ಎಂದು ತಮ್ಮ ಹೇಳಿದ. ದೊಡ್ಡ ಜೀಪು ಕೊಂಡವರು ಕಂಪನಿಯಿಂದ ಬಂದ ಟೈರನ್ನು ವಾರದೊಳಗೆ ಬಿಚ್ಚಿಸಿ ಬೇರೆ ಹಾಕಿಸುತ್ತಾರೆ, ಬಿಚ್ಚಿದ್ದು ಹೆಚ್ಚುಕಡಿಮೆ ಹೊಸದೇ ಇರುತ್ತದೆ, ಅರ್ಧ ಬೆಲೆಗೆ ಸಿಗುತ್ತದೆ. ಈ ಮಾತು ಸುಳ್ಳಲ್ಲ. 16 ಇಂಚು, 18 ಇಂಚಿನ ರಿಮ್ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲವೆಂದೇ ನನಗೆ ಈಗಲೂ ಅನಿಸುತ್ತದೆ. ನನ್ನದು 15 ಇಂಚು. ಆ ಗಾತ್ರದಲ್ಲಿ ಹಾಗೆ ಬಿಚ್ಚಿದ್ದು ಸಿಗಲಿಲ್ಲ. ಅದರ ಬದಲು ಒಂದು ಅಂಗಡಿಯಲ್ಲಿ ನಾಲ್ಕು ಎಂಟಿ ಟೈರು ತೋರಿಸಿದರು, ಒಂದಕ್ಕೆ 4,000 ರೂಪಾಯಿ. ಗುಬುಟುಗಳ ನಡುವಿನ ಸಂದುಗಳು ಬೆರಳು ಹೊಗುವಷ್ಟು ಆಳವಾಗಿದ್ದವು. ಟೈರುಗಳು ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಟೈರಿಗೆ ಹಚ್ಚುವ ಪಾಲಿಶ್ ಎಂಬುದೊಂದಿದೆ ಎಂದು ನನಗೆ ಗೊತ್ತಿರಲಿಲ್ಲ. ಹಾಕಿಸಿಕೊಂಡು ಬಂದೆ. ಗಾಡಿ ಎದ್ದು ನಿಂತ ಹಾಗೆ ಕಾಣುತ್ತಿತ್ತು, ನನಗೂ ಧೈರ್ಯ ಬಂದಿತ್ತು.

ಮೊದಲ ಮೋಸ ಗಾತ್ರದಲ್ಲಿತ್ತು. ನನ್ನ ಗಾಡಿಗೆ ಬರುವುದು 215/75 ಆರ್15. ಮೊದಲಿನ 215 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು. ಆರ್ ಎಂದರೆ ರೇಡಿಯಲ್, 15 ರಿಮ್ಮಿನ ಇಂಚು. ಅವರು ಹಾಕಿದ್ದು 235/75 ಆರ್15. ದೊಡ್ಡದಿದ್ದಷ್ಟೂ ಒಳ್ಳೆಯದು, ಗಾಡಿ ಎತ್ತರವಾಗುತ್ತದೆ ಎಂದಿದ್ದರು. ಮನೆಗೆ ಬಂದು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ಕೂತು ಲೆಕ್ಕ ಹಾಕಿದೆ. ಹಳೆಯ ಟೈರಿನ ಒಟ್ಟು ಎತ್ತರ 703.5 ಮಿ.ಮೀ., ಹೊಸದರದು 733.5. ವ್ಯತ್ಯಾಸ 30 ಮಿ.ಮೀ., ಅದರಲ್ಲಿ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ಅಂದರೆ ಗಾಡಿಯ ಹೊಟ್ಟೆ ಮೇಲೆದ್ದದ್ದು ಒಂದೂವರೆ ಸೆಂಟಿಮೀಟರ್, ಅಷ್ಟೇ. ಅಷ್ಟಕ್ಕಾಗಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಮೀಟರಿನಲ್ಲಿ 60 ಎಂದು ಕಂಡಾಗ ಗಾಡಿ ನಿಜಕ್ಕೂ 62.6ರಲ್ಲಿ ಓಡುತ್ತಿತ್ತು. ದೊಡ್ಡ ಚಕ್ರ ತಿರುಗಿಸಲು ಎಂಜಿನ್ನಿಗೆ ಹೆಚ್ಚು ಶ್ರಮ, ಹಾಗಾಗಿ ಏರಿನಲ್ಲಿ ಮೊದಲಿಗಿಂತ ಬೇಗ ಸೋಲುತ್ತಿತ್ತು. ನನಗೆ ಬೇಕಿದ್ದದ್ದು ಏರಿನಲ್ಲೇ ಬಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ ಎಂಬುದು ತಿಳಿದದ್ದು ಇನ್ನೂ ತಡವಾಗಿ. ನಾಳೆ ಅಪಘಾತವಾದರೆ ವಿಮೆಯವರು ಇದನ್ನೇ ಮುಂದಿಟ್ಟು ತಕರಾರು ತೆಗೆದಾರು ಎಂಬ ಹೆದರಿಕೆಯೂ ಸೇರಿಕೊಂಡಿತು.

ಎರಡನೆಯದು ವಯಸ್ಸಿನ ಮೋಸ. ಆಗಸ್ಟಿನಲ್ಲಿ ಅಮ್ಮನನ್ನು ಕಣ್ಣಿನ ತಪಾಸಣೆಗೆ ಕರೆದುಕೊಂಡು ಬರುತ್ತಿದ್ದೆ. ರಿಪ್ಪನ್‌ಪೇಟೆ ದಾಟಿ, ನುಣ್ಣನೆಯ ಟಾರು, ಸಣ್ಣ ಮಳೆ. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ವೇಗ 45 ಇದ್ದಿರಬೇಕು. ಗಾಡಿ ನಿಲ್ಲಲಿಲ್ಲ, ಹಿಂಬದಿ ಹೊರಳಿ, ರಸ್ತೆಯ ಮೇಲೆ ಓರೆಯಾಗಿ ಜಾರಿಕೊಂಡು ಹೋಗಿ ಮೈಲಿಗಲ್ಲಿಗೆ ಒಂದು ಗೇಣು ಉಳಿಸಿ ನಿಂತಿತು. ಎಮ್ಮೆ ತನ್ನಷ್ಟಕ್ಕೆ ದಾಟಿಹೋಯಿತು. ಅಮ್ಮ ನನ್ನ ತೋಳನ್ನು ಹಿಡಿದ ಹಿಡಿತವನ್ನು ಮುಂದಿನ ಊರಿನವರೆಗೂ ಬಿಡಲಿಲ್ಲ. ಕೆಸರಿನಲ್ಲಿ ಹೂತು ನಿಂತರೆ ಒಂದು ರಾತ್ರಿ ಹೋಗುತ್ತದೆ, ಒದ್ದೆ ಟಾರಿನ ಮೇಲೆ ಹಿಡಿತ ತಪ್ಪಿದರೆ ಜೀವವೇ ಹೋಗುತ್ತದೆ. ಕೆಸರಿನ ಎರಡು ಕಿಲೋಮೀಟರನ್ನೇ ಧ್ಯಾನಿಸುತ್ತ ಉಳಿದ 78ನ್ನು ನಾನು ಮರೆತೇಬಿಟ್ಟಿದ್ದೆ.

ಕೆಲ ದಿನದ ನಂತರ ಹೊಸನಗರದಲ್ಲಿ ಪಂಚರ್ ಹಾಕಿಸುವಾಗ ಅಂಗಡಿಯ ಹುಡುಗ ಟೈರನ್ನು ಬಿಚ್ಚಿ ಒಳಮೈ ಹೊರಗೆ ಮಾಡಿಟ್ಟು, "ಅಕ್ಕಾ, ಇದು ಹದಿನಾರನೇ ಇಸವಿಯದ್ದಲ್ವ?" ಎಂದ. ಟೈರಿನ ಪಕ್ಕದಲ್ಲಿ ಡಿ.ಒ.ಟಿ. ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲಿನ ಎರಡು ವಾರ, ಆಮೇಲಿನ ಎರಡು ವರ್ಷ. ನನ್ನದರಲ್ಲಿ 3116 ಎಂದಿತ್ತು. 2016ರ 31ನೇ ವಾರ. ಏಳು ವರ್ಷದ ಹಳೆಯ ಟೈರು. ಈ ನಾಲ್ಕು ಅಂಕಿ ಎಷ್ಟೋ ಟೈರಿನಲ್ಲಿ ಒಂದೇ ಪಕ್ಕದಲ್ಲಿರುತ್ತದೆ. ನನಗೆ ಹಾಕಿಕೊಟ್ಟಾಗ ನಾಲ್ಕರಲ್ಲೂ ಆ ಪಕ್ಕವನ್ನು ಒಳಗೆ ಮಾಡಿದ್ದರು. ಹುಡುಗ ಗುಬುಟಿನ ಮೇಲೆ ಉಗುರು ಒತ್ತಿ ತೋರಿಸಿದ, ಗುರುತೇ ಬೀಳಲಿಲ್ಲ. ಹೊಸ ಟೈರಿನ ಮೇಲೆ ಒತ್ತಿದ, ಸಣ್ಣ ಚಂದ್ರನ ಹಾಗೆ ಮೂಡಿ ಮೆಲ್ಲಗೆ ಮಾಯವಾಯಿತು. ಗುಬುಟುಗಳ ಬುಡವನ್ನು ಅಗಲಿಸಿದಾಗ ಒಣಗಿದ ಕೆರೆಯಂಥ ಸಣ್ಣ ಸಣ್ಣ ಬಿರುಕು. ರಬ್ಬರು ಓಡದೆ ಸುಮ್ಮನೆ ಇಟ್ಟರೂ ಮುದಿಯಾಗುತ್ತದೆ, ಬಿಸಿಲಿಗೂ ಗಾಳಿಗೂ ಗಟ್ಟಿಯಾಗುತ್ತದೆ. ಸವೆದಿಲ್ಲ ಎಂಬುದೊಂದೇ ನೋಡಿ ಕೊಂಡರೆ ಹೀಗಾಗುತ್ತದೆ. ಅಲ್ಲದೆ ಎಂಟಿ ಟೈರು ಹೊಸದಿದ್ದರೂ ಒದ್ದೆ ಟಾರಿನಲ್ಲಿ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಗುಬುಟುಗಳ ನಡುವೆ ಜಾಗ ಜಾಸ್ತಿ, ಹಾಗಾಗಿ ರಸ್ತೆಗೆ ತಾಗುವ ರಬ್ಬರೇ ಕಡಿಮೆ.

16,000 ರೂಪಾಯಿಯನ್ನು ನಾನು ಅಗ್ಗ ಎಂದು ಕೊಟ್ಟಿದ್ದೆ. ಆ ಅಂಗಡಿಯವರ ಮೇಲೆ ನನಗೆ ಈಗಲೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಗೊತ್ತಿಲ್ಲದವರು ಬಂದಾಗ ಅಂಕಿಯ ಪಕ್ಕವನ್ನು ಒಳಗೆ ತಿರುಗಿಸುವ ಕೈಗೆ ಆ ಗಾಡಿಯಲ್ಲಿ ಯಾರ ತಾಯಿ ಕೂತಿರುತ್ತಾಳೆ ಎಂಬ ಯೋಚನೆ ಬರಬೇಕಿತ್ತು.

ನಿಟ್ಟೂರಿನಲ್ಲಿ ಕಲಿತದ್ದು

ನಮ್ಮ ಸೀಮೆಯಲ್ಲಿ ಟೈರಿನ ಬಗ್ಗೆ ನಿಜವಾಗಿ ಗೊತ್ತಿರುವವರು ಯಾರು ಎಂದು ಯೋಚಿಸಿದರೆ ಉತ್ತರ ಕಣ್ಣೆದುರೇ ಇತ್ತು. ಕೊಡಚಾದ್ರಿಗೆ ಜೀಪು ಓಡಿಸುವವರು. ಆ ದಾರಿ ನೋಡಿದವರಿಗೆ ನಾನು ವಿವರಿಸಬೇಕಿಲ್ಲ. ದಿನಕ್ಕೆ ಎರಡು ಮೂರು ಸಲ, ಎಂಟು ಹತ್ತು ಜನರನ್ನು ತುಂಬಿಕೊಂಡು, ಆ ಕಲ್ಲು ಕೊರಕಲಿನಲ್ಲಿ ಹತ್ತಿ ಇಳಿಯುವವರು ಅವರು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಿಟ್ಟೂರಿನ ಚಹಾ ಅಂಗಡಿಯ ಎದುರು ನಿಂತಿದ್ದ ಜೀಪಿನ ಟೈರನ್ನು ಬಗ್ಗಿ ನೋಡುತ್ತಿದ್ದೆ. ಐವತ್ತು ದಾಟಿದ ಡ್ರೈವರು ಲೋಟ ಹಿಡಿದುಕೊಂಡೇ ಬಂದು, "ಎಂತ ಹುಡುಕ್ತಿದ್ದೀರಿ ಅಕ್ಕ?" ಎಂದರು. ನಾನು ನಡೆದದ್ದೆಲ್ಲ ಹೇಳಿದೆ. ಏರಿನ ಕಥೆ, 16,000ದ ಕಥೆ, ಎಮ್ಮೆಯ ಕಥೆ.

ಅವರ ಜೀಪಿನ ಟೈರು ಎಷ್ಟು ಸಪೂರ ಇತ್ತೆಂದರೆ ಮೊದಲು ನನಗೆ ಆಶ್ಚರ್ಯವಾಯಿತು. ಹಳೆಯ ಜೀಪಿನ 6.00-16 ಗಾತ್ರದ ಬಟನ್ ಟೈರು, ಅದೂ ರಿಸೋಲ್ ಮಾಡಿಸಿದ್ದು. ಸವೆದ ಟೈರಿನ ಮೈಯನ್ನು ಉಜ್ಜಿ, ಮೇಲೆ ಹೊಸ ಬಟನ್ನಿನ ರಬ್ಬರು ಕೂರಿಸಿ ಬೇಯಿಸಿದ್ದು. "ಅಗಲ ಟೈರು ಕೆಸರಿನ ಮೇಲೆ ತೇಲ್ತದೆ ಅಕ್ಕ. ಮರಳಿಗೆ ಅದು ಸರಿ. ನಮ್ಮ ಮಣ್ಣಿಗೆ ಟೈರು ಕೊರ್ಕೊಂಡು ಕೆಳಗೆ ಹೋಗ್ಬೇಕು. ಅಡಿಯಲ್ಲಿ ಜಂಬಿಟ್ಟಿಗೆ ಇರ್ತದಲ್ಲ, ಅದನ್ನ ಹಿಡೀಬೇಕು" ಎಂದರು. ಆ ಮಾತು ಕೇಳಿದ್ದೇ ನನಗೆ ನಮ್ಮನೆಯ ಎತ್ತಿನ ಗಾಡಿ ನೆನಪಾಯಿತು. ಅದರ ಚಕ್ರದ ಕಬ್ಬಿಣದ ಪಟ್ಟಿ ಮೂರು ಬೆರಳಗಲ. ಅಪ್ಪ ಅದೇ ಹಲಸಿನಮರದ ಏರಿನಲ್ಲಿ ಆಷಾಢದಲ್ಲೂ ಗೊಬ್ಬರ ಹೊಡೆಯುತ್ತಿದ್ದ. ಚಕ್ರ ಕೆಸರನ್ನು ಸೀಳಿಕೊಂಡು ಹೋಗಿ ಅಡಿಯ ಕಲ್ಲಿಗೆ ತಾಗಿದಾಗ ಬರುತ್ತಿದ್ದ ಕಟಕಟ ಸದ್ದನ್ನು ಹಿಂದೆ ಕೂತು ಕೇಳಿದವಳು ನಾನು. ಅಷ್ಟು ವರ್ಷ ಆ ಸದ್ದಿನ ಅರ್ಥ ತಿಳಿಯದೆ ಇದ್ದೆ.

ರಿಸೋಲ್ ಟೈರು ನಾನೂ ಹಾಕಿಸಲೇ ಎಂದು ಕೇಳಿದೆ. ಅವರು ತಲೆಯಲ್ಲಾಡಿಸಿದರು. ಜೀಪು ದಿನವಿಡೀ ಓಡಿದರೂ ವೇಗ 20, 30 ದಾಟುವುದಿಲ್ಲ, ಟೈರು ಬಿಸಿಯಾಗುವುದಿಲ್ಲ. 80 ಕಿಲೋಮೀಟರ್ ಟಾರಿನಲ್ಲಿ ಹೊಡೆದುಕೊಂಡು ಬಂದರೆ ಕಾದು ಪದರ ಎದ್ದು ಬರಬಹುದು, ಮುಂದಿನ ಚಕ್ರಕ್ಕಂತೂ ಬೇಡವೇ ಬೇಡ ಎಂದರು. ಅವರು ಹೇಳಿದ್ದು ಅವರ ಅನುಭವ. ನನಗೆ ಸರಿ ಎನಿಸಿತು. ಹೆದ್ದಾರಿಯ ಬದಿಯಲ್ಲಿ ಹಾವಿನ ಪೊರೆಯಂತೆ ಬಿದ್ದಿರುವ ಟೈರಿನ ಪದರಗಳನ್ನು ಎಲ್ಲರೂ ನೋಡಿರುತ್ತೇವೆ. ಹೊಸ ಟೈರಿಗೆ ದುಡ್ಡಿಲ್ಲದೆ, ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವ ಗಾಡಿಗೂ ಎರಡನೇ ಸಲ, ಮೂರನೇ ಸಲ ರಿಸೋಲ್ ಮಾಡಿಸಿದ್ದನ್ನೇ ಹಾಕಿ ಓಡಿಸುವುದನ್ನು ನಾನು ಕಂಡಿದ್ದೇನೆ. ಒಳ್ಳೆಯ ಟೈರಿನ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವುದು ಅವರಿಗೇ.

ಆಮೇಲೆ ಅವರು ಮಾಡಿದ್ದು ನನ್ನ ಮಟ್ಟಿಗೆ ದೊಡ್ಡ ಪಾಠ. "ನಿಮ್ಮ ಗಾಡಿಲಿ ಎಷ್ಟು ಗಾಳಿ ಉಂಟು?" ಎಂದು ಕೇಳಿದರು. ಬಂಕಿನಲ್ಲಿ ಹಾಕಿದಷ್ಟು, 32 ಪಿಎಸ್‌ಐ ಹತ್ತಿರ ಎಂದೆ. ಬನ್ನಿ ಎಂದು ನನ್ನ ಗಾಡಿಯ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತು, ನೆಲದಲ್ಲಿದ್ದ ಅಡಿಕೆ ದಬ್ಬೆಯ ಚೂರಿನಿಂದ ವಾಲ್ವಿನ ನಡುವನ್ನು ಒತ್ತಿದರು. ಗಾಳಿ ಸುಯ್ಯೆಂದು ಹೊರಬರುತ್ತಿದ್ದಂತೆ ಟೈರು ನೆಲಕ್ಕೆ ತಾಗುವಲ್ಲಿ ಮೆಲ್ಲಗೆ ಉಬ್ಬಿ, ಎಮ್ಮೆಯ ಕಾಲಿನ ಹಾಗೆ ಅಗಲವಾಗಿ ಊರಿಕೊಂಡಿತು. "ಇಪ್ಪತ್ತು. ಇಷ್ಟಕ್ಕೆ ನಿಲ್ಸಿ. ಹದಿನೈದಕ್ಕಿಂತ ಕೆಳಗೆ ಇಳಿಸ್ಬೇಡಿ, ಟೈರು ರಿಮ್ಮು ಬಿಟ್ಟು ಕಳಚ್ಕೊಳ್ತದೆ. ಇಳಿಸಿದ ಮೇಲೆ ಜೋರು ಓಡಿಸ್ಬೇಡಿ, ಟಾರಿಗೆ ಬಂದ ಕೂಡ್ಲೆ ತುಂಬಿಸ್ಬೇಕು." ಗಾಳಿ ಇಳಿಸಿದರೆ ಟೈರು ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಹಿಡಿತ ಹೆಚ್ಚುತ್ತದೆ, ಕಲ್ಲು ಸಿಕ್ಕಿದರೆ ಅದರ ಆಕಾರಕ್ಕೆ ಬಗ್ಗುತ್ತದೆ. ಇಷ್ಟಕ್ಕೆ ಖರ್ಚು ಏನೂ ಇಲ್ಲ. ಟೈರಿಗೆ ಸಾವಿರಗಟ್ಟಲೆ ಸುರಿದ ನನಗೆ ಇದನ್ನು ಯಾವ ಅಂಗಡಿಯವರೂ ಹೇಳಿರಲಿಲ್ಲ.

ಚಹಾದ ದುಡ್ಡು ನಾನು ಕೊಡುತ್ತೇನೆ ಎಂದರೆ ಕೇಳಲಿಲ್ಲ. ಅಮ್ಮನ ಕಣ್ಣು ಈಗ ಹೇಗಿದೆ ಎಂದು ವಿಚಾರಿಸಿ, ಕಾಯುತ್ತಿದ್ದವರನ್ನು ಹತ್ತಿಸಿಕೊಂಡು ಹೊರಟುಹೋದರು.

ಎರಡೇ ಟೈರು

ಆ ಮಳೆಗಾಲ ಮುಗಿಯುವವರೆಗೆ ಹಳೆಯ ಎಚ್‌ಟಿ ಟೈರನ್ನೇ ಮತ್ತೆ ಹಾಕಿಸಿ, ಏರಿನ ಕೆಳಗೆ ಗಾಡಿ ಬಿಟ್ಟು ನಡೆದು ಹೋಗುತ್ತಿದ್ದೆ. 2024ರ ಮೇ ತಿಂಗಳಲ್ಲಿ, ಈ ಸಲ ಒಂದು ಚೀಟಿಯಲ್ಲಿ ಬರೆದುಕೊಂಡೇ, ಶಿವಮೊಗ್ಗದ ಬೇರೊಂದು ಅಂಗಡಿಗೆ ಹೋದೆ. 215/75 ಆರ್15, ಅದೇ ಗಾತ್ರ. ಲೋಡ್ ಇಂಡೆಕ್ಸ್ 100ಕ್ಕೆ ಕಡಿಮೆ ಬೇಡ. (100 ಎಂದರೆ ಒಂದು ಟೈರು 800 ಕಿಲೋ ಹೊರಬಲ್ಲದು. ಕಾರಿನ ಟೈರು ಅಗ್ಗಕ್ಕೆ ಸಿಗುತ್ತದೆಂದು ಇದಕ್ಕಿಂತ ಕೆಳಗಿನದನ್ನು ಬೊಲೆರೊಗೆ ಹಾಕಿಸಿಕೊಂಡವರಿದ್ದಾರೆ, ಅಡಿಕೆ ಮೂಟೆ ತುಂಬಿದ ದಿನ ಅದು ಕೈಕೊಡುತ್ತದೆ.) ತಯಾರಾದ ದಿನ ಆರು ತಿಂಗಳೊಳಗಿನದು. ಎಟಿ. ಮತ್ತು ಎರಡು ಮಾತ್ರ.

ನಾಲ್ಕೂ ಹಾಕಿಸಿ ಎಂದು ಅವರೂ ಹೇಳಿದರು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಾಗಿದ್ದರೆ ಅದೇ ಸರಿ, ಅಲ್ಲಿ ಟೈರುಗಳ ಎತ್ತರದಲ್ಲಿ ಸ್ವಲ್ಪ ಏರುಪೇರಾದರೂ ಗೇರಿನ ಪೆಟ್ಟಿಗೆಗೆ ಪೆಟ್ಟು. ನನ್ನದು ಹಿಂದಿನ ಚಕ್ರದ ಗಾಡಿ. ಒಂದೇ ಅಚ್ಚಿನ ಎರಡೂ ಬದಿಗೆ ಒಂದೇ ತರಹದ್ದಿರಬೇಕು, ಅಷ್ಟು ನೋಡಿಕೊಂಡರೆ ಸಾಕಾಗಿತ್ತು. ಎಳೆಯುವುದು ಹಿಂದಿನದು, ಏರಿನಲ್ಲಿ ಭಾರ ಬೀಳುವುದೂ ಹಿಂದಕ್ಕೆ, ಒದ್ದೆ ಟಾರಿನಲ್ಲಿ ಅಂದು ಹೊರಳಿದ್ದೂ ಹಿಂಬದಿ. ಮುಂದಿನ ಎಚ್‌ಟಿ ಟೈರಿನಲ್ಲಿ ಇನ್ನೂ ಸಾಕಷ್ಟು ಗೆರೆ ಇತ್ತು. ಕೆಸರಿನಲ್ಲಿ ಮುಂಭಾಗ ಹೇಳಿದ ಮಾತು ಕೇಳುವುದು ಸ್ವಲ್ಪ ತಡ, ಅದನ್ನು ಮೆಲ್ಲಗೆ ಓಡಿಸಿ ಸರಿದೂಗಿಸಬಹುದು. ಒಂದಕ್ಕೆ 7,200ರ ಹಾಗೆ ಎರಡಕ್ಕೆ 14,400 ಕೊಟ್ಟೆ. ಹಿಂದಿನ ವರ್ಷ ಆ ಮುದಿ ಟೈರಿಗೆ ಕೊಟ್ಟದ್ದಕ್ಕಿಂತ ಕಡಿಮೆ.

ಎಂಟಿ ಯಾಕೆ ಬೇಡ ಎನ್ನಿಸಿತು ಎಂದರೆ, ನನ್ನ ದಾರಿಯಲ್ಲಿ ಕೆಸರಿನ ಪಾಲು ನೂರಕ್ಕೆ ಎರಡೂವರೆ. ಅದೂ ವರ್ಷದಲ್ಲಿ ನಾಲ್ಕೈದು ತಿಂಗಳು. ಆ ಎರಡೂವರೆಗಾಗಿ ಉಳಿದ ತೊಂಬತ್ತೇಳೂವರೆಯಲ್ಲಿ ಸದ್ದು, ಹೆಚ್ಚಿನ ಡೀಸೆಲ್ಲು, ಒದ್ದೆ ರಸ್ತೆಯಲ್ಲಿ ಉದ್ದದ ಬ್ರೇಕು ಎಲ್ಲವನ್ನೂ ಹೊರಬೇಕು. ತೋಟದೊಳಗೇ ದಿನವಿಡೀ ಓಡಾಡುವ ಪಿಕಪ್ಪಿನವರ ಲೆಕ್ಕ ಬೇರೆ, ಅವರು ಎಂಟಿಯನ್ನೇ ಹಾಕಿಸಲಿ. ಇನ್ನೊಬ್ಬರ ಗಾಡಿಯ ಟೈರು ನೋಡಿ ಆಸೆಪಡುವ ಮೊದಲು, ನಮ್ಮ ದಾರಿಯನ್ನು ಒಂದು ವಾರ ಮೀಟರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು ಎಂದು ಹೊಸದಾಗಿ ಕೇಳಿದವರಿಗೆ ನಾನು ಹೇಳುವುದು ಇದೇ ಕಾರಣಕ್ಕೆ. ಟಾರೆಷ್ಟು, ಜಲ್ಲಿಯೆಷ್ಟು, ಜೇಡಿಯೆಷ್ಟು, ಕೆಳಗೆ ಕಲ್ಲಿದೆಯೋ ಇಲ್ಲವೋ.

ಉಳಿದ ದುಡ್ಡಿನಲ್ಲಿ ಗಾಳಿ ನೋಡುವ ಗೇಜು, ಸಿಗಾರ್ ಲೈಟರಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರು, ಒಂದು ಸಲಿಕೆ, ಎರಡು ಗೋಣಿಚೀಲ ಕೊಂಡೆ. ಗೋಣಿಚೀಲ ಚಕ್ರದ ಅಡಿಗೆ ಹಾಕಲು. ಇದುವರೆಗೆ ಒಂದೇ ಸಲ ಬೇಕಾಯಿತು.

ಚರಂಡಿ

ಟೈರಿನ ಜೊತೆಗೆ ಇನ್ನೊಂದು ಕೆಲಸವೂ ಆಯಿತು. ಅಪ್ಪನ ಕಾಲದಲ್ಲಿ ಮೃಗಶಿರ ಹುಟ್ಟುವ ಮೊದಲು ದಾರಿಯ ಎರಡೂ ಬದಿಯ ಚರಂಡಿ ಬಿಡಿಸುವುದು ವಾಡಿಕೆಯಾಗಿತ್ತು, ಮನೆಗೊಂದಾಳು. ಕ್ರಮೇಣ ಎಲ್ಲರೂ ಪೇಟೆಗೆ ಹೋದೆವು, ಚರಂಡಿ ಹೂತಿತು, ಮಳೆನೀರು ದಾರಿಯ ಮೇಲೆಯೇ ಹರಿಯತೊಡಗಿತು. ಆ ಏರು ಜಾರಿಕೆಯಾದದ್ದೇ ಹಾಗೆ. 2024ರ ಮೇ ಕೊನೆಯ ಭಾನುವಾರ ಏಳು ಮನೆಯಿಂದ ಹನ್ನೊಂದು ಜನ ಸೇರಿ, ನನ್ನ ಹೊಸ ಸಲಿಕೆಯೂ ಸೇರಿ, ಮೋರಿಯಿಂದ ಏರಿನ ತುದಿಯವರೆಗೆ ಬಿಡಿಸಿದೆವು. ಅಮ್ಮನ ಕಣ್ಣನ್ನು ಕಾಪಾಡಿದ್ದ ಆ ಇಬ್ಬರು ಹುಡುಗರು ಕೊರಕಲಿಗೆ ಜಂಬಿಟ್ಟಿಗೆಯ ಚೂರು ತಂದು ಸುರಿದರು. ಮಧ್ಯಾಹ್ನ ನಮ್ಮನೆಯಲ್ಲೇ ಎಲ್ಲರಿಗೂ ಊಟ. ಈ ವರ್ಷವೂ ಮಾಡಿದೆವು. ನನ್ನ ಎಟಿ ಟೈರಿಗಿಂತ ಆ ಚರಂಡಿಯೇ ಹೆಚ್ಚು ಕೆಲಸ ಮಾಡಿದೆಯೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಬೆಳಿಗ್ಗೆ ಡೇರಿಗೆ ಹೋಗುವ ಮೊಪೆಡ್ಡಿಗೆ ಯಾವ ಎಟಿಯೂ ಇಲ್ಲ, ಅದೂ ಈಗ ಹತ್ತುತ್ತದೆ.

2024ರ ಜುಲೈನಲ್ಲಿ ಮಳೆ ಹೇಗೆ ಸುರಿಯಿತು ಎಂಬುದು ಮಲೆನಾಡಿನವರಿಗೆಲ್ಲ ನೆನಪಿರುತ್ತದೆ. ಪುನರ್ವಸು ಮಳೆಯ ಒಂದು ಸಂಜೆ, ಅಮ್ಮನನ್ನು ಕೂರಿಸಿಕೊಂಡು ಮೋರಿಯ ಹತ್ತಿರ ನಿಲ್ಲಿಸಿದೆ. ಕೊಡೆ ಹಿಡಿದು ಇಳಿದು ನಾಲ್ಕೂ ಚಕ್ರದ ಗಾಳಿ 20ಕ್ಕೆ ಇಳಿಸಿದೆ. ಜೌಗಿನಲ್ಲಿ ಎರಡನೇ ಗೇರು. ಏರಿನ ಬುಡದಲ್ಲಿ ಒಂದನೇ ಗೇರು, ಕಾಲು ಒಂದೇ ಸಮ. ಅರ್ಧಕ್ಕೆ ಬಂದಾಗ, ಹಿಂದಿನ ವರ್ಷ ನಿಂತಿದ್ದಲ್ಲೇ, ಎಡ ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿತು. ಹೊಟ್ಟೆ ಝಲ್ಲೆಂದಿತು. ಆಕ್ಸಿಲರೇಟರ್ ಒತ್ತಲಿಲ್ಲ. ಹ್ಯಾಂಡ್‌ಬ್ರೇಕನ್ನು ಎರಡು ಹಲ್ಲಿನಷ್ಟು ಎಳೆದು ಹಿಡಿದೆ. ಜಾರುವ ಚಕ್ರಕ್ಕೆ ಹಾಗೆ ತಡೆ ಕೊಟ್ಟರೆ ಇನ್ನೊಂದು ಚಕ್ರಕ್ಕೂ ಬಲ ಹೋಗುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದೆ. ಟೈರಿನ ಸಂದಿನಿಂದ ಮಣ್ಣಿನ ಉಂಡೆಗಳು ಮಡ್‌ಗಾರ್ಡಿಗೆ ಪಟಪಟ ಬಡಿದವು. ಆಮೇಲೆ ಕೆಳಗಿನಿಂದ ಒಂದು ಒರಟು ಸದ್ದು ಬಂತು. ರಬ್ಬರು ಕಲ್ಲು ಹಿಡಿದ ಸದ್ದು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು, "ಎತ್ತಿನ ಗಾಡಿ ಹೊಡೆದಂಗೇ ಕೇಳ್ತು ಕಣೆ" ಎಂದಳು.

ಆ ಎರಡು ಟೈರು ಈಗ 12,000 ಕಿಲೋಮೀಟರ್ ಓಡಿವೆ, ಎರಡು ಮಳೆಗಾಲ ಕಂಡಿವೆ. ಮುಂದಿನ ಚಕ್ರದ ಎರಡರಲ್ಲಿ ಗೆರೆಯ ಆಳ 3 ಮಿ.ಮೀ.ಗೆ ಬಂದಿದೆ. ಕಾನೂನಿನ ಮಿತಿ 1.6, ನಾನು ಅಷ್ಟರವರೆಗೆ ಕಾಯುವುದಿಲ್ಲ. ಬರುವ ಮೇ ತಿಂಗಳಿಗೆಂದು ದುಡ್ಡು ಎತ್ತಿಡುತ್ತಿದ್ದೇನೆ. ಅಂಗಡಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ, ಅಂಕಿಯ ಪಕ್ಕ ಹೊರಗಿರಲಿ ಎಂದು.